ಬಂಗಾರದ ಊರಿಗೆ ಗುಳೆ ಬಂದವರು

‘ಕೋಲಾರದ ಚಿನ್ನದ ಗಣಿ ಮುಚ್ಚಿದ್ದು ಯಾವಾಗ?’

ವಿಜಯಪುರದ ಸಿದ್ಧೇಶ್ವರ ಗುಡಿ ಹತ್ತಿರದ ರೂಮಿನಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ಈ ಪ್ರಶ್ನೆಗೆ ಉತ್ತರವನ್ನು ಎಷ್ಟು ಸಲ ಬಾಯಿಪಾಠ ಮಾಡಿದ್ದೇನೋ ಲೆಕ್ಕವಿಲ್ಲ. 2001ರ ಫೆಬ್ರುವರಿ 28. ಒಂದು ಅಂಕ. ಮುಂದಿನ ಪ್ರಶ್ನೆ.

ಆ ಒಂದು ಅಂಕದ ಹಿಂದೆ ಇಡೀ ಒಂದು ಊರಿದೆ ಎಂದು ಗೊತ್ತಾಗಿದ್ದು ಕೋಚಿಂಗ್‌ಗೆಂದು ಬೆಂಗಳೂರಿಗೆ ಹೋದಾಗ. ಪಿ.ಜಿ.ಯಲ್ಲಿ ನನ್ನ ರೂಮ್‌ಮೇಟ್ ಕೆಜಿಎಫ್‌ನವನು. ಗಣಿ ಮುಚ್ಚಿದ ವರ್ಷವೇ ಹುಟ್ಟಿದವನು. ‘ನಿಮ್ಮೂರಿನ ಸಿನಿಮಾ ನೋಡಿದ್ದೀನಿ’ ಎಂದೆ. ‘ಸಿನಿಮಾ ಬಿಡು ಮಗಾ, ಊರು ನೋಡು ಬಾ’ ಎಂದ. ಒಂದು ಭಾನುವಾರ ಅವನ ಜೊತೆ ರೈಲು ಹತ್ತಿದೆ.

ಬಂಗಾರಪೇಟೆಯಿಂದ ರೈಲು ಮಾರಿಕುಪ್ಪಂ ಕಡೆ ತಿರುಗಿತು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಬೋಳು ಗುಡ್ಡಗಳು ಕಂಡವು. ‘ಗುಡ್ಡ ಅಲ್ಲ, ಸೈನೈಡ್ ದಿಬ್ಬ’ ಎಂದ ಗೆಳೆಯ. ಕಲ್ಲನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು ಅದು. ಸುಮಾರು 120 ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ 800 ಟನ್‌ನಷ್ಟು. ಅದೆಲ್ಲ ಹೋಯಿತು, ದಿಬ್ಬಗಳು ಉಳಿದವು.

ಕೆಜಿಎಫ್ ಚರಿತ್ರೆ ಸಾಮಾನ್ಯವಾಗಿ ಇಬ್ಬರ ಹೆಸರಿನಿಂದ ಶುರುವಾಗುತ್ತದೆ. ಟಿಪ್ಪು ಸುಲ್ತಾನ್ ಮಡಿದ ಮೇಲೆ, 1802ರಲ್ಲಿ, ಮೈಸೂರಿನ ಗಡಿ ಸರ್ವೆಗೆ ಬಂದ ಜಾನ್ ವಾರೆನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇಲ್ಲಿ ಚಿನ್ನವಿದೆ ಎಂಬ ಸುದ್ದಿ ಕೇಳಿದ. ತೋರಿಸಿದವರಿಗೆ ಬಹುಮಾನ ಎಂದು ಸಾರಿದ. ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ತಂದು, ಅವನ ಎದುರೇ ತೊಳೆದು ಚಿನ್ನದ ಕಣ ತೋರಿಸಿದರು. ಎಷ್ಟೋ ವರ್ಷಗಳ ನಂತರ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ವಾರೆನ್‌ನ ವರದಿ ಓದಿದ. 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿ ಕಟ್ಟಿಕೊಂಡು ಸುಮಾರು 100 ಕಿ.ಮೀ. ದೂರ ಬಂದು ನೆಲ ಪರೀಕ್ಷಿಸಿದ. 1875ರಲ್ಲಿ ಗಣಿಗಾರಿಕೆಗೆ ಪರವಾನಗಿ ಪಡೆದ. ಆದರೆ ಅಗೆಯಲು ಬೇಕಾದಷ್ಟು ದುಡ್ಡು ಅವನಲ್ಲಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿ ಬಂದ ಮೇಲೆಯೇ ಗಣಿಗೆ ವೇಗ ಸಿಕ್ಕಿದ್ದು. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದ್ದೇ. ಗಾಡಿಯಲ್ಲಿ ಮಣ್ಣು ತಂದ ಹಳ್ಳಿಯವರ ಹೆಸರು ಮಾತ್ರ ಯಾವ ರಸ್ತೆಗೂ ಇಲ್ಲ.

ಮುಂದಿನದ್ದು ನಮ್ಮ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯಿತು. 1965ರಲ್ಲಿ ಅದೇ ಗಣಿಯೊಳಗೆ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು ಪತ್ತೆ ಹಚ್ಚಿದರು.

ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿದ್ದು ಗೆಳೆಯನ ತಾತ. ಚಾಂಪಿಯನ್ ರೀಫ್‌ನಲ್ಲಿ ದುಡಿದವರು. ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತಂತೆ. ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಕಲ್ಲಿನ ದೂಳು ಪುಪ್ಪುಸ ಸೇರುತ್ತಿತ್ತು. ‘ನಿಮ್ಮ ಹಿರಿಯರು ಇಲ್ಲಿಗೆ ಹೇಗೆ ಬಂದ್ರು ತಾತ?’ ಎಂದು ಕೇಳಿದೆ.

‘ಆರ್ಕಾಟ್ ಕಡೆಯಿಂದ ನಡ್ಕೊಂಡೇ ಬಂದ್ರಪ್ಪ. ಊರಲ್ಲಿ ಬರಗಾಲ. ತಲೆ ಮೇಲೊಂದು ಗಂಟು, ಸೊಂಟದಲ್ಲಿ ಮಗು.’

ನನಗೆ ಥಟ್ಟನೆ ನಮ್ಮಪ್ಪ ನೆನಪಾದರು. ತಿಕೋಟಾ ಕಡೆ ಈಗ ದ್ರಾಕ್ಷಿ ತೋಟಗಳು ಹಸಿರಾಗಿ ಕಾಣುತ್ತವೆ. ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಅಪ್ಪ, ಅವ್ವ ನನ್ನನ್ನು ಅಜ್ಜಿ ಹತ್ತಿರ ಬಿಟ್ಟು ಗೋವಾಕ್ಕೆ ಗುಳೆ ಹೋಗಿದ್ದರು. ಅಲ್ಲಿ ಕಟ್ಟಡಕ್ಕೆ ಕಲ್ಲು ಹೊತ್ತರು. ಶಾಲೆಯಲ್ಲಿ ಯಾರಾದರೂ ಕೇಳಿದರೆ ನಾನು ‘ಅಪ್ಪ ಬಿಸಿನೆಸ್’ ಎಂದು ಸುಳ್ಳು ಹೇಳುತ್ತಿದ್ದೆ. ಪರವಾನಗಿ ಕಾಗದ ಹಿಡಿದು ಬಂದವನು ಚರಿತ್ರೆಯಲ್ಲಿ ಮೊದಲಿಗನಾದ. ಗಂಟು ಹೊತ್ತು ಬಂದವರು ಬರೀ ಕೂಲಿಗಳಾದರು. ಊರು ನಿಂತದ್ದು ಮಾತ್ರ ಗಂಟು ಹೊತ್ತವರಿಂದ.

ಅವರು ಸುಮ್ಮನೆ ದುಡಿದವರೂ ಅಲ್ಲ. 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ನೋಂದಣಿಗೆ ಮುಂದಾದಾಗ, ನಾವೇನು ಕಳ್ಳರೇ ಎಂಬಂತೆ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದವರು.

ಸ್ವಾತಂತ್ರ್ಯದ ನಂತರ ಗಣಿ ಸರ್ಕಾರದ ಕೈಗೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಆಳಕ್ಕೆ ಹೋದಷ್ಟೂ ಖರ್ಚು ಹೆಚ್ಚು, ಸಿಗುವ ಚಿನ್ನ ಕಡಿಮೆ. ಕೊನೆಗೆ ಬೀಗ ಬಿತ್ತು. ಮನೆ, ನೀರು, ಆಸ್ಪತ್ರೆ ಎಲ್ಲದಕ್ಕೂ ಗಣಿಯನ್ನೇ ನಂಬಿದ್ದ ಊರದು. ಗೆಳೆಯನ ಅಪ್ಪನಿಗೆ ಬಂಡೆ ಕೊರೆಯುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಈಗ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಗಾರ್ಡ್. ಬೆಳಗಿನ ಜಾವ ರೈಲು ಹತ್ತಿದರೆ ಮನೆ ಸೇರುವುದು ರಾತ್ರಿ. ಹಾಗೆ ದಿನವೂ ಓಡಾಡುವವರು ಸಾವಿರಾರು ಮಂದಿ. ಗುಳೆ ಬಂದವರ ಮೊಮ್ಮಕ್ಕಳಿಗೆ ಈಗ ದಿನವೂ ಗುಳೆ.

ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಅಲ್ಲಿ ನೇಮಕಾತಿ ಕರೆದರೆ ನಾನೂ ಅರ್ಜಿ ಹಾಕುವವನೇ. ಆದರೆ ಇಷ್ಟು ದಿನ ‘ಒಂದು ನೌಕರಿ ಸಿಕ್ಕರೆ ಸಾಕು, ಜೀವನ ಸೆಟ್ಲ್’ ಎನ್ನುತ್ತಿದ್ದೆ. ಕೆಜಿಎಫ್ ನೋಡಿದ ಮೇಲೆ ಆ ಮಾತು ಸಲೀಸಾಗಿ ಬಾಯಿಗೆ ಬರುತ್ತಿಲ್ಲ. ಕೈಗೆ ಇನ್ನೊಂದು ಕೆಲಸವೂ ಬರಬೇಕು ಎಂದು ಕಂಪ್ಯೂಟರ್ ಅಕೌಂಟಿಂಗ್ ಕಲಿಯುತ್ತಿದ್ದೇನೆ.

ಹಬ್ಬಕ್ಕೆ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಬಂದವನು ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ನಾವೂ ಹಂಗಽ ಗಂಟು ಹೊತ್ಕೊಂಡು ಹೋಗಿದ್ವಿ ತಮ್ಮಾ. ನಮ್ಮದೆಲ್ಲಾ ಯಾರು ಬರೀತಾರ?’ ಎಂದರು.

ಗೋವಾದಲ್ಲಿ ಯಾವ ಯಾವ ಕಟ್ಟಡಕ್ಕೆ ದುಡಿದಿರಿ ಎಂದು ಅವತ್ತೇ ಮೊದಲ ಸಲ ಕೇಳಿದೆ. ನೋಟ್ಸ್ ಬರೆಯುವ ಪುಸ್ತಕದ ಕೊನೆಯ ಪುಟಗಳಲ್ಲಿ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಪರೀಕ್ಷೆಗೆ ಅದು ಬರುವುದಿಲ್ಲ. ಆದರೂ ನೀವೂ ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿ ನೋಡಿ.