ಯಾರೂ ಬಾರದವರನ್ನು ಕಾಣಲು

ಜೈಲಿನಲ್ಲಿ ಸಂದರ್ಶನದ ಹೊತ್ತಿಗೆ ಹೆಸರು ಕೂಗುತ್ತಾರೆ. ಹೆಸರು ಬಂದವರು ಎದ್ದು ಹೋಗಿ ಹೆಂಡತಿಯನ್ನೋ ತಮ್ಮನನ್ನೋ ಕಂಡು, ವಕೀಲರು ಏನೆಂದರು, ಮಗುವಿನ ಜ್ವರ ಬಿಟ್ಟಿತೆ ಎಂದೆಲ್ಲ ವಿಚಾರಿಸಿಕೊಂಡು ಬರುತ್ತಾರೆ. ಕೆಲವರ ಹೆಸರು ಮಾತ್ರ ತಿಂಗಳುಗಟ್ಟಲೆ ಕೇಳಿಸುವುದೇ ಇಲ್ಲ. ಊರು ದೂರ, ಬಸ್ಸಿನ ಖರ್ಚಿಗೆ ದುಡ್ಡಿಲ್ಲ, ಇಲ್ಲವೆ ಮನೆಯವರೇ ಸಂಬಂಧ ಕಡಿದುಕೊಂಡಿದ್ದಾರೆ. ಅಂಥವರನ್ನು ಹುಡುಕಿಕೊಂಡು ಹೋಗುವುದನ್ನೇ ತಮ್ಮ ಕೆಲಸವೆಂದುಕೊಂಡ ಕ್ರೈಸ್ತ ಸ್ವಯಂಸೇವಕರ ಸಂಘಟನೆ ‘ಪ್ರಿಸನ್ ಮಿನಿಸ್ಟ್ರಿ ಇಂಡಿಯಾ’. ಅದರ ರಾಷ್ಟ್ರೀಯ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ. ಆದರೂ ಚರ್ಚಿನ ಆವರಣದಾಚೆ ಅದರ ಹೆಸರು ಬಲ್ಲವರು ಕಡಿಮೆ.

ಇದು ಮೊಳೆತದ್ದು ಕೇರಳದಲ್ಲಿ, 1981ರಲ್ಲಿ. ಕೊಟ್ಟಾಯಂ ಬಳಿಯ ವಡವಾತೂರಿನ ಗುರುಮಠದಲ್ಲಿ (ಸೆಮಿನರಿಯಲ್ಲಿ) ಓದುತ್ತಿದ್ದ ವರ್ಗೀಸ್ ಕರಿಪ್ಪೇರಿ, ಫ್ರಾನ್ಸಿಸ್ ಕೊಡಿಯನ್ ಎಂಬ ಇಬ್ಬರು ಯುವಕರು ಇದನ್ನು ಆರಂಭಿಸಿದರು. ಮುಂದೆ ಭಾರತದ ಕಥೋಲಿಕ ಬಿಷಪರ ಮಂಡಳಿ ಇದನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. ಇಂದು ಫಾದರ್‌ಗಳು, ಸಿಸ್ಟರ್‌ಗಳು ಮಾತ್ರವಲ್ಲ, ಸಾಮಾನ್ಯ ಸಂಸಾರಸ್ಥರೂ ಇದರಲ್ಲಿದ್ದಾರೆ.

ಪ್ರೇರಣೆ ಹಳೆಯದು. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಕೊನೆಯ ತೀರ್ಪಿನ ಮಾತಾಡುತ್ತಾರೆ. ಹಸಿದವರಿಗೆ ಅನ್ನ ಕೊಟ್ಟದ್ದು, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಟ್ಟದ್ದು ತಮಗೇ ಮಾಡಿದ ಸೇವೆ ಎನ್ನುವಾಗ, ಸೆರೆಯಲ್ಲಿದ್ದವರನ್ನು ಹೋಗಿ ಕಂಡದ್ದನ್ನೂ ಅದೇ ಸಾಲಿಗೆ ಸೇರಿಸುತ್ತಾರೆ. ಆ ಸೆರೆಯಾಳು ತಪ್ಪು ಮಾಡಿದ್ದನೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಅನಾಥರನ್ನು, ರೋಗಿಗಳನ್ನು ಕಂಡು ಮರುಗುವುದು ಸುಲಭ. ಕೊಲೆಗಾರನನ್ನು ಕಾಣಲು ಹೋಗುವುದು ಸುಲಭವಲ್ಲ. ಈ ಸೇವೆಯ ಕಷ್ಟವೂ ಹೆಚ್ಚುಗಾರಿಕೆಯೂ ಅಲ್ಲೇ ಇದೆ ಎಂದು ನನಗನಿಸುತ್ತದೆ. 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿನೊಳಗೆ ಕಾಲಿಟ್ಟ ಎಲಿಜಬೆತ್ ಫ್ರೈ ಎಂಬ ಕ್ವೇಕರ್ ಕ್ರೈಸ್ತ ಪಂಥದ ಗೃಹಿಣಿ, ಅಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಒಟ್ಟಿಗೆ ತುರುಕಿದ್ದನ್ನು ಕಂಡು ಕೊನೆಗೆ ಜೈಲಿನೊಳಗೇ ಮಕ್ಕಳಿಗೆ ಶಾಲೆ, ಹೆಂಗಸರಿಗೆ ಹೊಲಿಗೆ ಕೆಲಸ ಶುರುಮಾಡಿಸಿದರು. ಇಂದಿನ ಸ್ವಯಂಸೇವಕರು ನಡೆಯುತ್ತಿರುವುದು ಅದೇ ದಾರಿಯಲ್ಲಿ.

ಸಂಘಟನೆಯ ಪಾಲಕ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ, ತಾವೂ ಕೈದಿಯಾಗಿ ಸತ್ತವರು. 1941ರಲ್ಲಿ ಆಶ್‌ವಿಟ್ಜ್ ನಾಜಿ ಶಿಬಿರದಲ್ಲಿ ಒಬ್ಬ ಕೈದಿ ತಪ್ಪಿಸಿಕೊಂಡನೆಂದು ಹತ್ತು ಮಂದಿಯನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದಾಗ, ಹೆಂಡತಿ ಮಕ್ಕಳನ್ನು ನೆನೆದು ಗೋಳಾಡಿದ ಒಬ್ಬನ ಬದಲಿಗೆ ಈ ಪೋಲೆಂಡಿನ ಗುರು ಮುಂದೆ ಬಂದು ನಿಂತರು. ಅವರು ಆಗಸ್ಟ್ 14ರಂದು ಸತ್ತರು. ಬದುಕುಳಿದಾತ 1995ರವರೆಗೆ ಬಾಳಿದ. ಭಾರತದ ಕಥೋಲಿಕ ಚರ್ಚುಗಳು ಅವರು ಸತ್ತ ದಿನದ ಆಸುಪಾಸಿನ, ಆಗಸ್ಟ್‌ನ ಎರಡನೆಯ ಭಾನುವಾರವನ್ನು ಬಂದಿಗಳಿಗಾಗಿ ಮೀಸಲಿಟ್ಟಿವೆ.

ಹಾಗಾದರೆ ಈ ಸ್ವಯಂಸೇವಕರು ಜೈಲಿನಲ್ಲಿ ಮಾಡುವುದೇನು? ಪ್ರಾರ್ಥನೆ, ಹಾಡು, ಕ್ರಿಸ್‌ಮಸ್ಸಿಗೆ ಕೇಕು ಹೊರಗಿನವರಿಗೆ ಗೊತ್ತಿರುವ ಭಾಗ. ಅದಕ್ಕಿಂತ ದೊಡ್ಡ ಭಾಗ ಕಾಗದಪತ್ರದ್ದು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಬಂದಿಗಳು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತೇ ಆಗಿಲ್ಲ. ಇವರಲ್ಲಿ ಕೆಲವರಿಗೆ ಜಾಮೀನು ಮಂಜೂರಾಗಿರುತ್ತದೆ, ಆದರೆ ಶ್ಯೂರಿಟಿ ನಿಲ್ಲುವವರಿಲ್ಲ. ಪಹಣಿ ಇರುವವರಾರೂ ಕೂಲಿಕಾರನಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ಜಾಮೀನಾದ ಏಳು ದಿನದೊಳಗೆ ಬಂದಿ ಹೊರಬಾರದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಬಡ ಬಂದಿಗಳ ಜಾಮೀನಿಗೂ ದಂಡ ಕಟ್ಟಲೂ ಹಣದ ನೆರವು ಕೊಡುವ ಕೇಂದ್ರದ ಯೋಜನೆಯೂ ಬಂದಿದೆ. ಆದರೆ ಅಂಥದ್ದೊಂದು ಇದೆಯೆಂದು ಓದು ಬಾರದ ಬಂದಿಗೆ ಹೇಳುವವರು ಬೇಕು. ಅವನ ಮನೆ ಪತ್ತೆಹಚ್ಚಿ ಆಧಾರ್ ಕಾರ್ಡು ತರುವವರು, ವಕೀಲರಿಗೆ ನೆನಪು ಮಾಡುವವರು ಬೇಕು. ವಾರ ವಾರ ಹೋಗುವ ಸ್ವಯಂಸೇವಕರ ಬೆಲೆ ತಿಳಿಯುವುದು ಇಂಥ ಕಡೆ. ನ್ಯಾಯ ಕೊಡುವುದು ಕೋರ್ಟಾದರೂ ಅದು ಬ್ಯಾರಕ್ಕಿನ ತನಕ ತಲುಪಲು ಇಂಥ ಓಡಾಟವೇ ಬೇಕಾಗುತ್ತದೆ.

ಮಕ್ಕಳದು ಇನ್ನೊಂದು ಸಂಕಟ. ತಾಯಿ ಜೈಲು ಸೇರಿದರೆ ಚಿಕ್ಕ ಮಗುವೂ ಜೊತೆಗಿರಬಹುದು, ಆರು ವರ್ಷ ತುಂಬುವವರೆಗೆ ಮಾತ್ರ. ಆಮೇಲೆ? ಅಜ್ಜಿ, ಮಾವ ಯಾರೂ ಇಲ್ಲದಿದ್ದರೆ ಹಾಸ್ಟೆಲ್ ನೋಡಬೇಕು, ಶಾಲೆಯ ಫೀಸು ಹೊಂದಿಸಬೇಕು, ಆಗಾಗ ತಾಯಿಗೆ ಮಗುವಿನ ಸುದ್ದಿ ಮುಟ್ಟಿಸಬೇಕು. ಸಿಸ್ಟರ್‌ಗಳು ಈ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಂಡು ಬಂದಿದ್ದಾರೆ.

ಸ್ವಯಂಸೇವಕರು ಜೈಲಿನೊಳಗೆ ಹೋಗಲು ಅಧೀಕ್ಷಕರ ಅನುಮತಿ ಬೇಕು. ಗೇಟಿನಲ್ಲಿ ತಪಾಸಣೆ ಇರುತ್ತದೆ, ಮೊಬೈಲು ಹೊರಗೇ ಉಳಿಯುತ್ತದೆ. ಕದ್ದು ಚೀಟಿ ಒಯ್ಯುವಂತಿಲ್ಲ, ಹಣ ಕೊಡುವಂತಿಲ್ಲ. ‘ಏನು ಮಾಡಿ ಬಂದೆ’ ಎಂದು ತಾವಾಗಿ ಕೇಳಬಾರದೆಂಬುದು ಇವರ ಅಲಿಖಿತ ನಿಯಮ; ಹೇಳಿಕೊಂಡರೆ ಕೇಳಿಸಿಕೊಳ್ಳಬೇಕು ಅಷ್ಟೇ. ಮತಾಂತರದ ಅನುಮಾನ ಸಹಜವಾಗಿಯೇ ಇವರ ಬೆನ್ನಿಗಿದೆ. ಆ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಬಂದಿಗೆ ಎದ್ದು ಹೋಗುವ ಸ್ವಾತಂತ್ರ್ಯವಿಲ್ಲ, ಆದ್ದರಿಂದ ನೆರವಿಗೆ ಬೆಲೆಯಾಗಿ ಅವನಿಗೆ ಧರ್ಮವನ್ನು ಹೇಳಕೂಡದು. ಶ್ಯೂರಿಟಿ ಕೊಡಿಸುವಾಗ ಅವನ ಜಾತಿಮತ ಕೇಳದಿರುವುದೇ ಈ ಸೇವೆಯ ಮರ್ಯಾದೆ.

ಈ ಸೇವೆಯ ಆಳ ಅರಿಯಬೇಕಾದರೆ ಇಂದೋರಿನ ಕಥೆ ಕೇಳಬೇಕು. ಕೇರಳದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಉದಯನಗರದಲ್ಲಿ ಸಾಲದಲ್ಲಿ ಮುಳುಗಿದ್ದ ಬಡ ರೈತರನ್ನು ಸಂಘಟಿಸುತ್ತಿದ್ದರು. ಅದನ್ನು ಸಹಿಸದ ಬಲಾಢ್ಯರ ಕುಮ್ಮಕ್ಕಿನಿಂದ ಸಮಂದರ್ ಸಿಂಗ್ ಎಂಬಾತ 1995ರ ಫೆಬ್ರುವರಿ 25ರಂದು, ಬಸ್ಸಿನಲ್ಲಿ ಇಂದೋರಿಗೆ ಹೊರಟಿದ್ದ ಅವರನ್ನು ಇರಿದು ಕೊಂದ. ಜೀವಾವಧಿ ಶಿಕ್ಷೆಯಾಯಿತು. ತನ್ನನ್ನು ಛೂ ಬಿಟ್ಟು ಕೈತೊಳೆದುಕೊಂಡವರ ಮೇಲೆ ಜೈಲಿನಲ್ಲಿ ಅವನ ಹಗೆ ಕುದಿಯುತ್ತಿತ್ತು. ಅವನನ್ನು ಕಾಣಲು ಹೋದವರು ಸ್ವಾಮಿ ಸದಾನಂದ ಎಂದು ಹೆಸರಾದ ಒಬ್ಬ ಕ್ರೈಸ್ತ ಗುರು. ಮತ್ತೆ ಮತ್ತೆ ಹೋದರು, ಮಾತಾಡಿದರು, ಕಾದರು. 2002ರ ರಕ್ಷಾಬಂಧನದಲ್ಲಿ ರಾಣಿ ಮರಿಯಾ ಅವರ ತಂಗಿ ಸಿಸ್ಟರ್ ಸೆಲ್ಮಿ ಪಾಲ್ ಜೈಲಿಗೇ ಹೋಗಿ ಅಕ್ಕನ ಕೊಲೆಗಾರನ ಕೈಗೆ ರಾಖಿ ಕಟ್ಟಿದರು. ಅವನ ಬಿಡುಗಡೆಗಾಗಿ ರಾಣಿ ಮರಿಯಾ ಅವರ ಮನೆಯವರೇ ಮನವಿ ಮಾಡಿದರು. 2006ರಲ್ಲಿ ಹೊರಬಂದ ಅವನು ಕೇರಳದ ಪುಲ್ಲುವಳಿಗೆ ಹೋಗಿ ಆ ಮನೆಯ ಹಿರಿಯರನ್ನು ಕಂಡ, ಅವರು ಬರಮಾಡಿಕೊಂಡರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಸಂತಪದವಿಯ ಹಿಂದಿನ ಮೆಟ್ಟಿಲಾದ ‘ಪುನೀತೆ’ ಎಂದು ಘೋಷಿಸಿದಾಗ ಅಲ್ಲಿ ಸೇರಿದ್ದ ಜನರ ನಡುವೆ ಅವನೂ ಇದ್ದ.

ಎಲ್ಲ ಭೇಟಿಗಳೂ ಹೀಗೆ ಫಲಿಸುವುದಿಲ್ಲ. ಹೊರಬಂದು ತಿಂಗಳೊಳಗೆ ಮತ್ತೆ ಒಳಗೆ ಹೋಗುವವರಿದ್ದಾರೆ, ಹೆಚ್ಚಾಗಿ ಹೊರಗೆ ನಿಲ್ಲಲು ನೆಲೆ ಸಿಗದೆ. ಊರಿಗೆ ಹೋಗಲು ನಾಚಿಕೆ, ಬಾಡಿಗೆ ಮನೆ ಕೊಡುವವರಿಲ್ಲ, ಕೆಲಸ ಕೇಳಿದರೆ ನಡುವಿನ ವರ್ಷಗಳ ಲೆಕ್ಕ ಕೇಳುತ್ತಾರೆ. ಅದಕ್ಕೇ ಸಂಘಟನೆಯವರು ತ್ರಿಶೂರಿನ ವೆಟ್ಟುಕಾಡಿನಲ್ಲಿ ‘ಸ್ನೇಹಾಶ್ರಮ’ ಎಂಬ ಮನೆ ತೆರೆದರು. ಬಿಡುಗಡೆಯಾದವರು ಅಲ್ಲಿ ಉಳಿದು, ಕೆಲಸ ಕಲಿತು, ಮನೆಯವರೊಂದಿಗೆ ಮಾತು ಬೆಳೆಸಿಕೊಂಡು ಹೋಗಲೆಂದು. ಮುಂದೆ ಬೇರೆಡೆಯೂ ಇಂಥ ಮನೆಗಳಾದವು.

ಜೈಲಿಗೆ ಹೋಗಿ ಹಾಡು ಹೇಳಲು ಆಸೆಪಡುವ ಯುವಕರು ಈಗಲೂ ಧರ್ಮಕೇಂದ್ರಗಳಲ್ಲಿ ಸಿಗುತ್ತಾರೆ. ಸಿಗದವರು ಬೇರೆ: ಫೀಸು ಕೇಳದೆ ಕೇಸಿನ ಕಡತ ಓದುವ ವಕೀಲರು, ಪಹಣಿ ಹಿಡಿದು ಶ್ಯೂರಿಟಿಗೆ ನಿಲ್ಲುವ ರೈತರು, ಜೈಲಿನಿಂದ ಬಂದವರೆಂದು ಗೊತ್ತಿದ್ದೂ ಕೆಲಸ ಕೊಡುವ ಗ್ಯಾರೇಜು, ಬೇಕರಿಗಳ ಮಾಲೀಕರು. ಇವರು ಕ್ರೈಸ್ತರೇ ಆಗಬೇಕೆಂದಿಲ್ಲ. ಸೇರಲಿಚ್ಛಿಸುವವರು ಹತ್ತಿರದ ಧರ್ಮಪ್ರಾಂತ್ಯದ ಕಚೇರಿಯಲ್ಲಿ ವಿಚಾರಿಸಬಹುದು. ಅಲ್ಲಿಗೆ ಹೋಗಲು ಸಂಕೋಚವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲೂ ತೆರೆದಿದೆ.