ಸೈಕಲ್ ಸೀಟಿನ ನೋವು: ನಾಚಿಕೆ ಬೇಡ, ಎಚ್ಚರಿಕೆ ಇರಲಿ

ಮೊಪೆಡ್ ಮನೆಗೆ ಬಂದ ಮೇಲೆ ಸೈಕಲ್ ಮೂಲೆ ಸೇರಿದ್ದು ನಮ್ಮ ಕಂಬಂ ಕಣಿವೆಯ ಊರುಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಈಗ ಸಕ್ಕರೆ ಕಾಯಿಲೆ, ರಕ್ತದೊತ್ತಡವೆಂದು ವೈದ್ಯರು ಎಚ್ಚರಿಸಿದಾಗ ಐವತ್ತು ದಾಟಿದವರೂ ಮತ್ತೆ ಸೈಕಲ್ ಹತ್ತುತ್ತಾರೆ. ದ್ರಾಕ್ಷಿ ಚಪ್ಪರಕ್ಕೋ ಬಾಳೆ ತೋಟಕ್ಕೋ ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗಿಬರುವುದು ಮೈಗೆ ಹಿತವೇ. ಆದರೆ ಮೂರನೆಯ ದಿನಕ್ಕೆ ಕೆಲವರ ಸೈಕಲ್ ಪುನಃ ಮೂಲೆ ಸೇರುತ್ತದೆ. ಕೇಳಿದರೆ ಕಾಲುನೋವು ಎಂಬ ಉತ್ತರ. ನಿಜವಾದ ನೋವು ಕೂರುವ ಜಾಗದಲ್ಲಿ. ಅದನ್ನು ಹೆಂಡತಿಗೆ ಹೇಳಲೂ ಸಂಕೋಚ!

ಕುಳಿತಾಗ ನಮ್ಮ ಭಾರವನ್ನು ಹೊರುವವು ಪೃಷ್ಠದೊಳಗಿನ ಎರಡು ಎಲುಬಿನ ತುದಿಗಳು. ಗಟ್ಟಿ ಹಲಗೆಯ ಮೇಲೆ ಕುಳಿತು ಅಂಗೈಯನ್ನು ಕೆಳಗಿಟ್ಟು ನೋಡಿ, ಕೈಗೆ ಸಿಗುತ್ತವೆ. ಅವುಗಳ ಸುತ್ತಲಿನ ಮಾಂಸ, ಚರ್ಮಕ್ಕೆ ಸೈಕಲ್ ಸೀಟಿನ ಅಭ್ಯಾಸ ತಪ್ಪಿರುವುದರಿಂದ ಮೊದಮೊದಲು ನೋಯುವುದು ಸಹಜ. ಒಂದೆರಡು ವಾರಗಳಲ್ಲಿ ಅದು ತಾನಾಗಿ ತಗ್ಗುತ್ತದೆ. ಮೊದಲ ವಾರ ದಿನ ಬಿಟ್ಟು ದಿನ, 15–20 ನಿಮಿಷ ಮಾತ್ರ ತುಳಿದರೆ ಸಾಕು. ಮೊದಲ ದಿನವೇ ಕಂಬಂನಿಂದ ಉತ್ತಮಪಾಳ್ಯಕ್ಕೆ ಹೋಗಿಬರುವ ಹುಮ್ಮಸ್ಸು ಬೇಡ. ದಾರಿಯಲ್ಲಿ ಆಗಾಗ ಪೆಡಲುಗಳ ಮೇಲೆ ಎದ್ದು ನಿಂತರೆ ಒತ್ತಿದ ಜಾಗಕ್ಕೆ ರಕ್ತ ಹರಿಯುತ್ತದೆ.

ಬಹಳ ಮನೆಗಳಲ್ಲಿ ಅಪ್ಪ ತುಳಿಯುವುದು ಹನ್ನೊಂದನೇ ತರಗತಿಯಲ್ಲಿ ಸರ್ಕಾರ ಮಗನಿಗೋ ಮಗಳಿಗೋ ಕೊಟ್ಟ ಉಚಿತ ಸೈಕಲ್ಲನ್ನು. ಅದರ ಸೀಟು ಮಕ್ಕಳ ಎತ್ತರಕ್ಕೆ ಹೊಂದಿಸಿದ್ದು. ಆದ್ದರಿಂದ ಮೊದಲು ಸ್ಪಾನರ್ ಹಿಡಿಯಿರಿ. ಸೀಟಿನ ಮೇಲೆ ಕುಳಿತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಸೀಟು ಅದಕ್ಕಿಂತ ಎತ್ತರವಾದರೆ ಸೊಂಟ ಆಚೀಚೆ ಹೊರಳಿ ತೊಡೆ ಉಜ್ಜುತ್ತದೆ. ತಗ್ಗಾದರೆ ಭಾರವೆಲ್ಲ ಸೀಟಿನ ಮೇಲೆಯೇ, ಮಂಡಿಗೂ ಕಷ್ಟ. ಸೀಟು ನೆಲಕ್ಕೆ ಸಮನಾಗಿರಲಿ, ಮೂತಿ ಮೇಲೆ ನೋಡಬಾರದು. ಅಂಗಡಿಯಲ್ಲಿ ಸಿಗುವ ದಪ್ಪ ಸ್ಪಂಜಿನ ಕವರ್ ಕೊಳ್ಳಲು ಅವಸರ ಬೇಡ. ಅದರಲ್ಲಿ ಎಲುಬು ಹುದುಗಿ, ನಡುವಿನ ಮೃದು ಭಾಗಕ್ಕೆ ಒತ್ತಡ ಹೆಚ್ಚುತ್ತದೆ. ಹೆಂಗಸರ ಎಲುಬಿನ ತುದಿಗಳ ನಡುವೆ ಸಾಮಾನ್ಯವಾಗಿ ಅಂತರ ಹೆಚ್ಚು. ಅವರಿಗೆ ಹಿಂಬದಿ ಅಗಲವಿರುವ ಸೀಟು ಒಳ್ಳೆಯದು.

ಬೆವರಿನ ತೇವ, ಬಟ್ಟೆಯ ಹೊಲಿಗೆ, ಲುಂಗಿಯ ಮಡಿಕೆ ಇವು ಸೇರಿದರೆ ಚರ್ಮ ಸುಲಿಯುತ್ತದೆ. ತೊಡೆಸಂದಿನಲ್ಲಿ ದಪ್ಪ ಹೊಲಿಗೆಯಿಲ್ಲದ ಚಡ್ಡಿ ತೊಡಿ. ಮನೆಗೆ ಬಂದ ಕೂಡಲೇ ತೊಳೆದು, ಚೆನ್ನಾಗಿ ಒರೆಸಿ, ಬಟ್ಟೆ ಬದಲಿಸಿ. ಉಜ್ಜುವ ಜಾಗಕ್ಕೆ ಹೊರಡುವ ಮುನ್ನ ತುಸು ವ್ಯಾಸಲೀನ್ ಹಚ್ಚಬಹುದು.

ಇಷ್ಟೆಲ್ಲ ಸಹಿಸಬಹುದಾದ ನೋವಿನ ಮಾತು. ಸಹಿಸಬಾರದ್ದೂ ಇದೆ. ಎರಡು ತೊಡೆಗಳ ನಡುವೆ, ಜನನಾಂಗದ ಸುತ್ತ ಜೋಮು ಹಿಡಿದರೆ ಅಲ್ಲಿನ ನರ ಒತ್ತಿಹೋಗುತ್ತಿದೆ ಎಂದೇ ಅರ್ಥ. ಕೂಡಲೇ ಇಳಿದು ಸೀಟು ಸರಿಪಡಿಸಿ. ಜೋಮು ಹೋಗದಿದ್ದರೆ ವೈದ್ಯರನ್ನು ಕಾಣಿ. ಕೀವುಗುಳ್ಳೆ ಎದ್ದರೆ ಹಿಸುಕಬೇಡಿ, ಸುಣ್ಣ ಹಚ್ಚಬೇಡಿ. ಸಕ್ಕರೆ ಕಾಯಿಲೆಯವರಂತೂ ಸಣ್ಣ ಗಾಯವನ್ನೂ ಮುಚ್ಚಿಡಬಾರದು: ಅವರಿಗೆ ಗಾಯ ಮಾಯುವುದು ನಿಧಾನ, ಸೋಂಕು ಬೇಗ. ಕೆಂಪು ಹರಡಿದರೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ, ಸಕ್ಕರೆ ಕಾಯಿಲೆ ಇದೆಯೆಂದು ಮೊದಲೇ ತಿಳಿಸಿ. ಗಾಯ ಒಣಗುವ ತನಕ ಸೈಕಲ್ ಬೇಡ.