ಕಂಠವೆಂಬ ವಾದ್ಯ: ಜನಪದ ಸೊಲ್ಲು ಮತ್ತು ವಿದ್ಯುನ್ಮಾನ ಸಂಗೀತ

ಮನುಷ್ಯನ ಕಂಠವನ್ನೇ ವಾದ್ಯವಾಗಿಸುವುದು ವಿದ್ಯುನ್ಮಾನ ಸಂಗೀತದ ಒಂದು ಪ್ರಮುಖ ಧೋರಣೆ. ಜರ್ಮನಿಯ ಸ್ಟಾಕ್‌ಹೌಸನ್ 1956ರ ‘ಗೆಸಾಂಗ್ ಡೆರ್ ಯೂಂಗ್‌ಲಿಂಗೆ’ ಕೃತಿಯಲ್ಲಿ ಬಾಲಕನೊಬ್ಬನ ಧ್ವನಿಯನ್ನು ಯಂತ್ರಜನ್ಯ ನಾದದೊಡನೆ ಬೆಸೆದು, ಪದವು ಅರ್ಥದಿಂದ ನಾದದತ್ತ ಸರಿಯುವ ಹಂತಗಳನ್ನು ರೂಪಿಸಿದರು. ಕ್ರಾಫ್ಟ್‌ವರ್ಕ್ ತಂಡದ ‘ನಂಬರ್ಸ್’ (1981) ಹಲವು ಭಾಷೆಗಳ ಸಂಖ್ಯಾವಾಚಕಗಳನ್ನೇ ಲಯವಾಗಿಸಿತು.

ಈ ತತ್ತ್ವ ನಮ್ಮ ಜನಪದಕ್ಕೆ ಹೊಸದಲ್ಲ. ಕುಟ್ಟುವ ಹಾಡಿನ ‘ಸುವ್ವಿ’, ಕಥನಗೀತೆಗಳ ‘ತಂದಾನ’ ಮೊದಲಾದ ಸೊಲ್ಲುಗಳ ಕಾರ್ಯ ಅರ್ಥ ಹೇಳುವುದಕ್ಕಿಂತ ಹೆಚ್ಚಾಗಿ ಲಯವನ್ನು ಹಿಡಿದು ನಿಲ್ಲಿಸುವುದು. ಕರ್ನಾಟಕ ಸಂಗೀತದ ಕೊನ್ನಕ್ಕೋಲ್ ಮೃದಂಗದ ಜತಿಗಳನ್ನು ಬಾಯಲ್ಲೇ ನುಡಿಸುತ್ತದೆ. ಆದರೆ ಮುಖ್ಯವಾದ ವ್ಯತ್ಯಾಸವೊಂದುಂಟು. ಜನಪದದಲ್ಲಿ ಹಿಮ್ಮೇಳದ ಸೊಲ್ಲು ಮುಮ್ಮೇಳದ ಅರ್ಥಪೂರ್ಣ ಸಾಲಿಗೆ ಮರಳುತ್ತದೆ. ಸ್ಯಾಂಪ್ಲರ್ ಎಂಬ ಉಪಕರಣವಾದರೋ ಧ್ವನಿಮುದ್ರಿಕೆಯ ತುಣುಕೊಂದನ್ನು ಕತ್ತರಿಸಿ, ಬೇಕಾದ ಶ್ರುತಿಯಲ್ಲಿ ಮತ್ತೆ ಮತ್ತೆ ನುಡಿಸುತ್ತದೆ. ಸಾಲು, ಸಂದರ್ಭ, ಹಾಡಿದವರ ಹೆಸರು ಹೊರಗುಳಿಯುತ್ತವೆ.

ತ್ಯಾವಣಿಗೆಯನ್ನೊಳಗೊಂಡ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯಂತಹ ಬಹುಭಾಷಿಕ ಪ್ರದೇಶಕ್ಕೆ ಈ ವ್ಯತ್ಯಾಸ ಗಂಭೀರವಾದುದು. ಇಲ್ಲಿ ಕನ್ನಡದೊಡನೆ ಲಂಬಾಣಿಯೂ ಬಾಳುತ್ತಿದೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಆ ಸಮುದಾಯ ಪೂಜಿಸುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ಸ್ವಂತ ಲಿಪಿಯಿಲ್ಲದ ಲಂಬಾಣಿಗೆ ಕಂಠವೇ ಗ್ರಂಥ. ಅದನ್ನು ಗುರುತಿಲ್ಲದ ನಾದವಾಗಿಸಿದರೆ ಭಾಷೆಯ ಸಾಕ್ಷ್ಯವೇ ಅಳಿಸಿದಂತೆ. ಆದುದರಿಂದ ಕ್ಷೇತ್ರಕಾರ್ಯದ ಪ್ರತಿಯೊಂದು ಮುದ್ರಿಕೆಯೊಡನೆ ಹಾಡುಗಾರರ ಹೆಸರು, ಭಾಷೆ, ಊರು, ಸಂದರ್ಭ ಹಾಗೂ ಮರುಬಳಕೆಗೆ ಅವರಿತ್ತ ಒಪ್ಪಿಗೆ ದಾಖಲಾಗಬೇಕು. ಯಂತ್ರದೊಡನೆ ಸೇರುವುದರಿಂದ ಜನಪದ ಕೆಡುವುದಿಲ್ಲ. ಹಾಡಿದವರು ಅನಾಮಿಕರಾದಾಗ ಮಾತ್ರ ಅದು ಬಡವಾಗುತ್ತದೆ.